ಬ್ಯಾಂಕಿನ ಎಂಜಿನಿಯರ್ ನೋಡಿದ ಮೇಲೂ ನೀವು ನೋಡಲೇಬೇಕು

"ಬ್ಯಾಂಕಿನವರು ಬಂದು ನೋಡಿ ಹೋಗಿದ್ದಾರೆ ಸಾರ್, ಸಾಲಾನೂ ಪಾಸಾಗಿದೆ. ಇನ್ನೇನು ಚೆಕ್ ಮಾಡೋದು?" ಬೆಂಗಳೂರಿನಲ್ಲಿ ಹೊಸ ಫ್ಲ್ಯಾಟ್ ಕೊಳ್ಳುವವರು ಈ ಮಾತು ಹೇಳುತ್ತಲೇ ಇರುತ್ತಾರೆ. ನಾನು ಬ್ಯಾಂಕುಗಳಿಗೆ ವ್ಯಾಲ್ಯುಯೇಷನ್, ಅಂದರೆ ಮನೆಗೆ ಬೆಲೆ ಕಟ್ಟುವ ಕೆಲಸ ಮಾಡುತ್ತೇನೆ, ಕೊಳ್ಳುವವರ ಪರವಾಗಿ ಮನೆ ತಪಾಸಣೆಯನ್ನೂ ಮಾಡುತ್ತೇನೆ. ಎರಡೂ ಪೂರ್ತಿ ಬೇರೆ ಕೆಲಸ.

ಬ್ಯಾಂಕಿನ ಪರವಾಗಿ ಹೋದಾಗ ನಕ್ಷೆಯ ಪ್ರಕಾರ ಕಟ್ಟಿದ್ದಾರಾ, ಕೆಲಸ ಎಷ್ಟು ಮುಗಿದಿದೆ, ಆ ಏರಿಯಾದಲ್ಲಿ ಚದರಡಿಗೆ ಏನು ದರ ಇದೆ ಅಂತ ನೋಡುತ್ತೇವೆ. ಸಾಲ ತೀರದಿದ್ದರೆ ಈ ಮನೆ ಮಾರಿ ಹಣ ವಾಪಸ್ ಬರುತ್ತದಾ ಅನ್ನುವುದೇ ಬ್ಯಾಂಕಿನ ಚಿಂತೆ. ಬಾತ್‌ರೂಮ್ ಸೋರುತ್ತದಾ ಅಂತ ಅದು ಕೇಳುವುದಿಲ್ಲ.

ಆ ವ್ಯಾಲ್ಯುಯೇಷನ್ ವರದಿ ನಿಮ್ಮ ಜೇಬಿಗೆ ತಟ್ಟುವುದು ಬೇರೆ ರೀತಿ. ಅಗ್ರಿಮೆಂಟ್ ಬೆಲೆ, ವ್ಯಾಲ್ಯುಯೇಷನ್ ಬೆಲೆ ಎರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಬ್ಯಾಂಕ್ ಸಾಮಾನ್ಯವಾಗಿ ಹಿಡಿಯುತ್ತದೆ. ರಿಸರ್ವ್ ಬ್ಯಾಂಕ್ ನಿಯಮದಂತೆ 30ರಿಂದ 75 ಲಕ್ಷದವರೆಗಿನ ಸಾಲ ಮನೆ ಬೆಲೆಯ ಶೇ 80 ದಾಟುವಂತಿಲ್ಲ. 80 ಲಕ್ಷದ ಅಗ್ರಿಮೆಂಟ್ ಮಾಡಿಕೊಂಡು 64 ಲಕ್ಷ ಸಾಲ ಸಿಗುತ್ತದೆ ಅಂದುಕೊಂಡಿರುತ್ತೀರಿ. ವ್ಯಾಲ್ಯುಯೇಷನ್ 74 ಲಕ್ಷಕ್ಕೆ ನಿಂತರೆ ಸಿಗುವುದು 59 ಲಕ್ಷ 20 ಸಾವಿರ. ಉಳಿದದ್ದನ್ನು ನೀವೇ ಹೊಂದಿಸಬೇಕು. ಸ್ಟಾಂಪ್ ಡ್ಯೂಟಿ, ನೋಂದಣಿ ಖರ್ಚು ಅದರ ಮೇಲೆ.

ಇನ್ನು ತಪಾಸಣೆ. ಬಾಗಿಲು ತೆಗೆಯುವ ಮೊದಲು ಓಸಿ ಕೇಳಿ, ಅಂದರೆ ಕಟ್ಟಡದಲ್ಲಿ ವಾಸ ಮಾಡಬಹುದು ಅಂತ ಸ್ಥಳೀಯ ಸಂಸ್ಥೆ ಕೊಡುವ ಸ್ವಾಧೀನಾನುಭವ ಪತ್ರ. ಭಾಗಶಃ ಓಸಿ ಆಗಿದ್ದರೆ ಅದರಲ್ಲಿ ನಿಮ್ಮ ಟವರ್, ನಿಮ್ಮ ಮಹಡಿ ಇದೆಯಾ ನೋಡಿ. "ಇಂಟೀರಿಯರ್ ಶುರು ಮಾಡ್ಕೊಳ್ಳಿ, ಓಸಿ ಬರುತ್ತೆ" ಅಂದರೆ ಒಪ್ಪಬೇಡಿ. ಓಸಿ ಇಲ್ಲದೆ ಮನೆ ಹಸ್ತಾಂತರಿಸಬಾರದು, ಕರೆಂಟು, ನೀರಿನ ಸಂಪರ್ಕವನ್ನೂ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ.

ಮನೆಯೊಳಗೆ ನಾನು ಜಾಸ್ತಿ ಹೊತ್ತು ಕಳೆಯುವುದು ಬಾತ್‌ರೂಮಿನಲ್ಲಿ. ಡ್ರೈನ್ ಮುಚ್ಚಿ ನೆಲದ ಮೇಲೆ ಒಂದೆರಡು ಇಂಚು ನೀರು ನಿಲ್ಲಿಸಬೇಕು. ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ, ಕನಿಷ್ಠ 24 ಗಂಟೆ ಬಿಡಬೇಕು. 48 ಗಂಟೆ ಬಿಟ್ಟರೆ ಇನ್ನೂ ಒಳ್ಳೆಯದು. ಆಮೇಲೆ ಕೆಳಗಿನ ಮನೆಯ ಸೀಲಿಂಗ್ ನೋಡಬೇಕು. ಸಂಕನ್ ಸ್ಲ್ಯಾಬ್ (ಪೈಪ್ ಹಾಯಿಸಲು ತಗ್ಗಿಸಿ ಹಾಕಿದ ಬಾತ್‌ರೂಮ್ ಸ್ಲ್ಯಾಬ್) ಇದ್ದರೆ ಟೈಲ್ಸ್ ಕೆಳಗೆ ತುಂಬಿದ ಸಾಮಗ್ರಿಯೊಳಗೆ ನೀರು ಸೇರಿ, ಎಷ್ಟೋ ತಿಂಗಳಾದ ಮೇಲೆ ತೇವ ಹೊರಗೆ ಕಾಣುತ್ತದೆ. ಅಷ್ಟರಲ್ಲಿ ನಿಮ್ಮ ಕಡೆಯವರು ಗೀಸರ್, ಗ್ಲಾಸ್ ಪಾರ್ಟಿಷನ್ ಅಂತ ಡ್ರಿಲ್ ಮಾಡಿರುತ್ತಾರೆ. "ವಾಟರ್‌ಪ್ರೂಫಿಂಗ್ ಹಾಳು ಮಾಡಿದ್ದೇ ನೀವು" ಅನ್ನಲು ಬಿಲ್ಡರ್‌ಗೆ ಇಷ್ಟು ಸಾಕು. ಅದಕ್ಕೇ ಇಂಟೀರಿಯರ್‌ನವರು ಕಾಲಿಡುವ ಮುಂಚೆ ಈ ಪರೀಕ್ಷೆ ಮುಗಿಸಿ, ದಿನಾಂಕ ಇರುವ ಫೋಟೊ ಇಟ್ಟುಕೊಳ್ಳಿ. ಜೋರು ಮಳೆ ಬಂದ ಮರುದಿನ ಹೋದರೆ ಕಿಟಕಿ ಮೂಲೆಗಳಲ್ಲಿ ನೀರು ಸೋರುವುದೂ ಬಯಲಾಗುತ್ತದೆ.

ಟೈಲ್ಸ್ ಮೇಲೆ ನಾಣ್ಯದಿಂದ ತಟ್ಟಿ, ಟೊಳ್ಳು ಸದ್ದು ಬಂದ ಕಡೆ ಟೇಪ್ ಅಂಟಿಸಿ. ಕರೆಂಟಿನ ವಿಷಯದಲ್ಲಿ ಒಂದು ಎಚ್ಚರಿಕೆ: ಆರ್‌ಸಿಸಿಬಿಯ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸುರಕ್ಷತಾ ಸ್ವಿಚ್) ಟೆಸ್ಟ್ ಬಟನ್ ಒತ್ತಿದಾಗ ಟ್ರಿಪ್ ಆದರೆ ಆ ಸ್ವಿಚ್ ಕೆಲಸ ಮಾಡುತ್ತಿದೆ ಅಂತ ಮಾತ್ರ ಗೊತ್ತಾಗುತ್ತದೆ. ಅರ್ಥಿಂಗ್ ಇದೆ ಅಂತಲ್ಲ. ಪ್ರತಿ ಸಾಕೆಟ್ಟಿನ ಅರ್ಥಿಂಗನ್ನು ಎಲೆಕ್ಟ್ರಿಷಿಯನ್‌ನಿಂದ ಬೇರೆಯಾಗಿ ಚೆಕ್ ಮಾಡಿಸಲೇಬೇಕು. ಮಕ್ಕಳಿರುವ ಮನೆ, ಅಲ್ವಾ?

ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ಬಳಸಲು ಸಿಗುವ ಜಾಗ ಅಳೆಯುವಾಗ ಒಳಗಿನ ಪಾರ್ಟಿಷನ್ ಗೋಡೆಗಳನ್ನು ಸೇರಿಸಿ. ಹೊರಗೋಡೆ, ಬಾಲ್ಕನಿ, ಡಕ್ಟ್ ಬಿಡಿ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ಲೆಕ್ಕ ಇದೇ.

ಕೊನೆಗೆ ಪೊಸೆಷನ್ ಪತ್ರ. "ಎಲ್ಲ ತೃಪ್ತಿಕರವಾಗಿದೆ" ಅಂತ ಅಚ್ಚು ಹಾಕಿದ ಸಾಲಿನ ಕೆಳಗೆ ಸುಮ್ನೆ ಸಹಿ ಹಾಕಬೇಡಿ. ಯಾವ ಕೋಣೆ, ಯಾವ ಗೋಡೆ, ಏನು ದೋಷ ಅಂತ ಬರೆದು ಬಿಲ್ಡರ್ ಕಡೆಯವರ ಸಹಿಯನ್ನೂ ಪಡೆಯಿರಿ. ಮನೆ ಕೈಗೆ ಬಂದ ಮೇಲೂ ಹಕ್ಕು ಮುಗಿಯುವುದಿಲ್ಲ. ರಚನೆಯಲ್ಲಿ, ಕೆಲಸದ ಗುಣಮಟ್ಟದಲ್ಲಿ 5 ವರ್ಷದೊಳಗೆ ದೋಷ ಕಂಡುಬಂದು ನೀವು ತಿಳಿಸಿದರೆ, ಬಿಲ್ಡರ್ 30 ದಿನದೊಳಗೆ ದುಡ್ಡು ಕೇಳದೆ ಸರಿಪಡಿಸಬೇಕು. ರೇರಾ ಕಾಯ್ದೆಯ 14(3) ಸೆಕ್ಷನ್ ಇದನ್ನೇ ಹೇಳುತ್ತದೆ. ಸೂಪರ್‌ವೈಸರ್‌ಗೆ ಫೋನಿನಲ್ಲಿ ಹೇಳಿದರೆ ದಾಖಲೆ ಉಳಿಯುವುದಿಲ್ಲ. ಫೋಟೊ ಸಮೇತ ಕಂಪನಿಗೆ ಇಮೇಲ್ ಮಾಡಿ. 30 ದಿನ ದಾಟಿದರೆ ಅದೇ ಇಮೇಲ್ ಹಿಡಿದು ಕರ್ನಾಟಕ ರೇರಾ ಪ್ರಾಧಿಕಾರಕ್ಕೆ ದೂರು ಕೊಡಬಹುದು.