ಮೋಡದೊಳಗೆ ಕಿವಿ ಹೇಳುವ ಸುಳ್ಳು

ಮಳೆಗಾಲದಲ್ಲಿ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನಿಂತರೆ ಕೆಲವು ಸಲ ವಿಮಾನದ ಸದ್ದು ಮಾತ್ರ ಕೇಳುತ್ತೆ, ವಿಮಾನ ಕಾಣಲ್ಲ. ಆ ಹೊತ್ತಲ್ಲಿ ಪೈಲಟ್‌ಗೂ ನೆಲ ಕಾಣ್ತಿರಲ್ಲ ಅಲ್ವಾ? ದೊಡ್ಡ ವಿಮಾನದಲ್ಲಿ ಇಬ್ಬರಿರುತ್ತಾರೆ, ಮೀಟರ್ ನೋಡಿಯೇ ಹಾರಿಸಿ ರೂಢಿಯಾಗಿರುತ್ತೆ. ಒಬ್ಬರೇ ಹಾರಿಸುವ ಸಣ್ಣ ವಿಮಾನಕ್ಕೆ ಮೋಡವೇ ಕಂಟಕ.

ಯಾಕೆ ಅಂತ ತಿಳಿಯೋಕೆ ಕಟಿಂಗ್ ಅಂಗಡಿಯ ತಿರುಗೋ ಕುರ್ಚಿ ಸಾಕು. ಕಣ್ಣು ಮುಚ್ಚಿ ಕೂತ್ಕೊಳ್ಳಿ, ಯಾರಾದರೂ ಒಂದೇ ವೇಗದಲ್ಲಿ ತಿರುಗಿಸಲಿ. ಸ್ವಲ್ಪ ಹೊತ್ತಿಗೆ ಕುರ್ಚಿ ನಿಂತೇ ಹೋಯ್ತು ಅನಿಸುತ್ತೆ. ನಿಜವಾಗಿ ನಿಲ್ಲಿಸಿದಾಗ ಉಲ್ಟಾ ತಿರುಗಿದ ಹಾಗಾಗುತ್ತೆ. ಕಿವಿಯೊಳಗಿನ ಸಣ್ಣ ಕೊಳವೆಗಳಲ್ಲಿ ನೀರಿನಂಥ ದ್ರವ ಇದೆ. ತಿರುಗೋಕೆ ಶುರುವಾದಾಗ ಅದು ಹಿಂದೆ ಉಳಿಯುತ್ತೆ, ಮೆದುಳಿಗೆ ಸುದ್ದಿ ಹೋಗುತ್ತೆ. ಆಮೇಲೆ ಅದೂ ಜೊತೆಗೇ ತಿರುಗುತ್ತೆ, ಸುದ್ದಿ ನಿಲ್ಲುತ್ತೆ.

ಮೋಡದಲ್ಲೂ ಇದೇ ಆಗೋದು. ರೆಕ್ಕೆ ನಿಧಾನಕ್ಕೆ ವಾಲಿದ್ದು ಗೊತ್ತೇ ಆಗಲ್ಲ. ಎತ್ತರ ಇಳಿತಿದೆ ಅಂತ ಪೈಲಟ್ ವಿಮಾನದ ಮೂತಿ ಮೇಲೆತ್ತೋಕೆ ಹೋದರೆ, ವಾಲಿದ ವಿಮಾನ ಇನ್ನೂ ಬಿಗಿಯಾಗಿ ಸುತ್ತುತ್ತಾ ಸುಳಿಯ ಹಾಗೆ ಕೆಳಗಿಳಿಯುತ್ತೆ.

ಒಳ್ಳೆ ಪೈಲಟ್‌ಗೆ ಮೈಯೇ ಎಲ್ಲ ಹೇಳುತ್ತೆ ಅಂತ ಮೊದಲು ನಂಬಿದ್ದರು. 1926ರಲ್ಲಿ ಅಮೆರಿಕದ ಸೇನೆಯ ವಿಲಿಯಂ ಆಕರ್ ಎಂಬ ಅನುಭವಿ ಪೈಲಟ್, ಡಾಕ್ಟರೊಬ್ಬರು ತಿರುಗಿಸಿದ ಕುರ್ಚಿಯಲ್ಲಿ ಕೂತು, ಯಾವ ಕಡೆ ತಿರುಗುತ್ತಿದ್ದೇನೆ ಅಂತ ಹೇಳಲಾರದೆ ಸೋತರು. ಆಮೇಲೆ ಡಬ್ಬಿಯೊಂದರಲ್ಲಿ ತಿರುವು ತೋರಿಸುವ ಮೀಟರ್ ಇಟ್ಟುಕೊಂಡು ಬಂದು, ಅದನ್ನೇ ನೋಡಿ ಸರಿಯಾಗಿ ಹೇಳಿದರು. 1929ರ ಸೆಪ್ಟೆಂಬರ್ 24ರಂದು ಅಮೆರಿಕದ ಇನ್ನೊಬ್ಬ ಪೈಲಟ್ ಜಿಮ್ಮಿ ಡೂಲಿಟಲ್ ಹೊರಗೇನೂ ಕಾಣದಂತೆ ಮುಸುಕು ಹಾಕಿಸಿಕೊಂಡು, ಬರೀ ಉಪಕರಣ ನೋಡಿ ವಿಮಾನ ಏರಿಸಿ, ಇಳಿಸಿಯೂ ತೋರಿಸಿದರು.

ದಾರಿ ಗೊತ್ತಾಯ್ತು, ಸಾವು ನಿಲ್ಲಲಿಲ್ಲ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಹೀಗೆ ಬರೀ ಉಪಕರಣ ನೋಡಿ ಹಾರಿಸುವ ತರಬೇತಿ ಇಲ್ಲದ 20 ಜನರನ್ನು ಮೋಡದೊಳಗಿನಂಥ ಸ್ಥಿತಿಯಲ್ಲಿ ಹಾರಿಸಿ ನೋಡಿದರು. 20 ಜನರೂ ಹತೋಟಿ ಕಳೆದುಕೊಂಡರು, ಸರಾಸರಿ 178 ಸೆಕೆಂಡಿನಲ್ಲಿ. ಮೂರು ನಿಮಿಷವೂ ಇಲ್ಲ! 1999ರ ಜುಲೈ 16ರ ರಾತ್ರಿ ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಮಗ ಜಾನ್ ಎಫ್. ಕೆನಡಿ ಜೂನಿಯರ್ ಮಸುಕಿನಲ್ಲಿ ಸಮುದ್ರದ ಮೇಲೆ ಹಾರಿಸುತ್ತಿದ್ದ ವಿಮಾನ ಬಿದ್ದದ್ದೂ ಹೀಗೇ.

ತರಬೇತಿ ಇದ್ದವರಿಗೂ ಇದು ತಪ್ಪಿದ್ದಲ್ಲ. 2020ರ ಜನವರಿ 26ರಂದು ಬಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ಇದ್ದ ಹೆಲಿಕಾಪ್ಟರ್ ಮೋಡ ಹೊಕ್ಕಿತು. ಮೇಲೇರುತ್ತಿದ್ದೇನೆ ಅಂತ ಪೈಲಟ್ ರೇಡಿಯೋದಲ್ಲಿ ಹೇಳಿದಾಗ ಅದು ಎಡಕ್ಕೆ ತಿರುಗುತ್ತಾ ಇಳಿಯುತ್ತಿತ್ತು. 9 ಜನ ತೀರಿಕೊಂಡರು. ಹೇಗಾದರೂ ತಲುಪಿಸಬೇಕು ಅಂತ ಪೈಲಟ್ ತಾವೇ ತಂದುಕೊಂಡ ಒತ್ತಡವನ್ನೂ ತನಿಖೆಯವರು ಕಾರಣಗಳಲ್ಲಿ ಸೇರಿಸಿದರು.

ಆ ಒತ್ತಡದ ಮಾತು ನನ್ನನ್ನು ಬಿಡ್ತಿಲ್ಲ. ಚುನಾವಣೆ ಬಂದರೆ ನಮ್ಮ ಗದಗ, ಹಾವೇರಿ ಕಡೆಗೂ ಹೆಲಿಕಾಪ್ಟರ್ ಬರುತ್ತವೆ. ಮೋಡ ಸರಿಯೋವರೆಗೂ ಹಾರಿಸಲ್ಲ ಅಂತ ಪೈಲಟ್ ಅಂದರೆ, ಸಭೆಗೆ ತಡವಾಗಲಿ, ನಾವು ಕಾಯ್ತೀವಿ.