ಗೋಡೆ ಮೇಲಿನ ದೊಡ್ಡ ಜೇಡವನ್ನು ಕೊಲ್ಲಬೇಡಿ

ಮಂಗಳೂರಿನಲ್ಲಿ ಮಳೆಗಾಲದ ರಾತ್ರಿ ಬಚ್ಚಲುಮನೆಯ ಲೈಟ್ ಹಾಕಿದಾಗ ಗೋಡೆ ಮೇಲೆ ಅಂಗೈಯಗಲದ ಕಂದು ಜೇಡ ಕಂಡರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಕೈ ಸೀದಾ ಹಿಡಿಸೂಡಿಗೆ ಹೋಗುತ್ತದೆ. ದಯವಿಟ್ಟು ಒಂದು ನಿಮಿಷ ತಡೆಯಿರಿ. ಅದು ಬಂದಿರುವುದು ನಿಮ್ಮನ್ನು ಹುಡುಕಿಕೊಂಡಲ್ಲ, ಜಿರಳೆಯನ್ನು ಹುಡುಕಿಕೊಂಡು.

ಇದು ಹಂಟ್ಸ್‌ಮನ್ ಜೇಡ. ವೈಜ್ಞಾನಿಕ ಹೆಸರು ಹೆಟೆರೊಪೊಡಾ ವೆನಟೋರಿಯಾ. ಜೀವಿಗಳಿಗೆ ವೈಜ್ಞಾನಿಕ ಹೆಸರಿಡುವ ಪದ್ಧತಿ ತಂದ ಲಿನೇಯಸ್ 1767ರಲ್ಲೇ ಇದನ್ನು ದಾಖಲಿಸಿದ್ದ. ಮೂಲ ಏಷ್ಯಾ. ಹಡಗಿನ ಸರಕಿನ ಜೊತೆ ಸಾಗಿ ಈಗ ಜಗತ್ತಿನ ಬಿಸಿ ನಾಡುಗಳಲ್ಲೆಲ್ಲ ಹರಡಿದೆ. ಬೇಟೆಗೆ ಬಲೆ ಹೆಣೆಯುವುದಿಲ್ಲ. ಹಗಲೆಲ್ಲ ಬಾಗಿಲ ಸಂದಿಯಲ್ಲೋ ಪಕಾಸಿನ ಎಡೆಯಲ್ಲೋ ಅಡಗಿದ್ದು, ಕತ್ತಲಾದ ಮೇಲೆ ಹೊರಬಂದು ಓಡಿ ಹಿಡಿಯುತ್ತದೆ. ಮೈ ಚಪ್ಪಟೆ. ಕಾಲುಗಳು ಏಡಿಯ ಹಾಗೆ ಪಕ್ಕಕ್ಕೆ ಚಾಚಿರುತ್ತವೆ. ಹಾಗಾಗಿ ಅಷ್ಟು ದೊಡ್ಡ ಜೀವ ಅಷ್ಟು ಸಣ್ಣ ಬಿರುಕಿಗೆ ನುಸುಳಬಲ್ಲದು. ಕೆಲವೊಮ್ಮೆ ಹೊಟ್ಟೆಯಡಿ ಬಿಳಿ ಬಿಲ್ಲೆಯೊಂದನ್ನು ಒತ್ತಿ ಹಿಡಿದು ನಿಧಾನವಾಗಿ ಓಡಾಡುವುದು ಕಾಣುತ್ತದೆ. ಅದು ಹೆಣ್ಣು, ಆ ಬಿಲ್ಲೆ ಅದರ ಮೊಟ್ಟೆ ಚೀಲ.

ಕೈಯಲ್ಲಿ ಹಿಡಿದು ಒತ್ತಿದರೆ ಕಚ್ಚೀತು. ನೋವು, ಸ್ವಲ್ಪ ಊತ ಬರಬಹುದು, ಪ್ರಾಣಕ್ಕೆ ಅಪಾಯವಿಲ್ಲ. ‘ಜೇಡ ಉಚ್ಚೆ ಹೊಯ್ದರೆ ಗುಳ್ಳೆ ಏಳುತ್ತದೆ’ ಎನ್ನುವವರೂ ಇದ್ದಾರೆ. ಈ ಆರೋಪ ಜೇಡಕ್ಕೆ ಸಲ್ಲದು. ಮಳೆಗಾಲದಲ್ಲಿ ಟ್ಯೂಬ್‌ಲೈಟಿಗೆ ಬರುವ ಪೇಡೆರಸ್ ಎಂಬ ಕಪ್ಪು-ಕಿತ್ತಳೆ ಬಣ್ಣದ ಪುಟ್ಟ ದುಂಬಿಯೊಂದಿದೆ. ಮೈಮೇಲೆ ಕೂತ ಅದನ್ನು ಉಜ್ಜಿಬಿಟ್ಟರೆ ಒಳಗಿನ ಪೆಡೆರಿನ್ ಎಂಬ ರಸ ತಾಗಿ, ಗೀರೆಳೆದಂತೆ ಚರ್ಮ ಸುಟ್ಟು ಗುಳ್ಳೆ ಬರುತ್ತದೆ. ಸರ್ಪಸುತ್ತಿನ ಗುಳ್ಳೆಯನ್ನೂ ಜೇಡದ ತಲೆಗೆ ಕಟ್ಟುವುದುಂಟು. ಅದು ವೈರಸ್‌ನಿಂದ ಬರುವ ಕಾಯಿಲೆ, ಜೇಡವನ್ನು ಬೈಯುತ್ತಾ ಕೂರದೆ ಬೇಗ ಡಾಕ್ಟರಿಗೆ ತೋರಿಸಬೇಕು.

ಸೂರಿನ ಮೂಲೆಯಲ್ಲಿ ತಲೆಕೆಳಗಾಗಿ ನೇತಾಡುವ ಉದ್ದ ಕಾಲಿನ ಬಡಕಲು ಜೇಡ ಬೇರೆ. ಹೆಸರು ಕ್ರಾಸೊಪ್ರೈಜಾ ಲಯೋನಿ. ಮುಟ್ಟಿದರೆ ಮೈ ಮಸುಕಾಗಿ ಕಾಣುವಷ್ಟು ಜೋರಾಗಿ ಬಲೆ ಅಲುಗಿಸುತ್ತದೆ. ತಾಯಿ ಮೊಟ್ಟೆಗಳ ಗೊಂಚಲನ್ನು ಬಾಯಲ್ಲೇ ಕಚ್ಚಿಕೊಂಡಿರುತ್ತದೆ. ಮನೆಯಲ್ಲಿ ಧೂಳು ಹಿಡಿದ ಬಲೆ ಜಾಸ್ತಿ ಕಾಣುವುದು ಇದರಿಂದಲೇ, ಗುಡಿಸುವವರಿಗೆ ಬೇಸರ ಬರುವುದು ಸಹಜ. ಆದರೆ ಇದು ಸೊಳ್ಳೆ ತಿನ್ನುತ್ತದೆ. ಥೈಲೆಂಡಿನಲ್ಲಿ ಇದನ್ನು ಡೆಂಗಿ ಹರಡುವ ಸೊಳ್ಳೆಯ ಶತ್ರು ಎಂದೇ ಅಧ್ಯಯನ ಮಾಡಿ 1997ರಲ್ಲಿ ಪ್ರಕಟಿಸಿದ್ದಾರೆ. ಜೇಡ ಇದ್ದ ಮಾತ್ರಕ್ಕೆ ಡೆಂಗಿ ನಿಲ್ಲುವುದಿಲ್ಲ, ನಿಂತ ನೀರು ಚೆಲ್ಲಲೇಬೇಕು. ಆದರೂ ಮಲೇರಿಯಾ, ಡೆಂಗಿ ಎರಡನ್ನೂ ಕಂಡ ಊರಿನಲ್ಲಿ ಒಂದೆರಡು ಮೂಲೆ ಇದಕ್ಕೆ ಬಿಟ್ಟುಕೊಟ್ಟರೆ ನಷ್ಟವೇನಿಲ್ಲ ಅಲ್ವಾ?

ಹಗಲಲ್ಲಿ ಬಿಸಿಲು ಬಿದ್ದ ಗೋಡೆ ಮೇಲೆ ನೊಣದ ಹಿಂದೆ ಬೀಳುವುದು ಜಿಗಿಯುವ ಜೇಡಗಳು, ಮೆನೆಮೆರಸ್, ಪ್ಲೆಕ್ಸಿಪಸ್ ಇತ್ಯಾದಿ. ಅಂಗಳದ ಗಿಡಗಳ ನಡುವೆ ಬಲೆಗೆ ‘ಎಕ್ಸ್’ ಆಕಾರದ ದಪ್ಪ ಬಿಳಿ ಗೆರೆ ಹಾಕಿ ಕೂರುವುದು ಆರ್ಜಿಯೋಪಿ. ಆ ಗೆರೆ ಹುಳಗಳನ್ನು ಸೆಳೆಯಲಿಕ್ಕೋ, ಹಕ್ಕಿಗಳು ಬಲೆ ಹರಿಯದಂತೆ ಎಚ್ಚರಿಸಲಿಕ್ಕೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮಾವಿನ ಮರದ ಚಗಳಿ ಇರುವೆಗಳ ಪಕ್ಕದಲ್ಲೇ ಇರುವ ಮಿರ್ಮಪ್ಲಾಟಾ ಜೇಡ. ನೋಡಲು ಥೇಟ್ ಚಗಳಿ. ಮುಂದಿನ ಎರಡು ಕಾಲು ಎತ್ತಿ ಮೀಸೆಯಂತೆ ಆಡಿಸುತ್ತದೆ. ಗಂಡಿನ ಬಾಯಿಯ ಭಾಗವಂತೂ ಮುಂದಕ್ಕೆ ಎಷ್ಟು ಉದ್ದ ಚಾಚಿದೆ ಎಂದರೆ, ಒಂದು ಇರುವೆ ಇನ್ನೊಂದನ್ನು ಹೊತ್ತುಕೊಂಡು ಹೋಗುವಂತೆ ಕಾಣುತ್ತದೆ. ಚಗಳಿಯ ಕಡಿತಕ್ಕೆ ಹೆದರುವ ಪ್ರಾಣಿಗಳು ಇದನ್ನೂ ಮುಟ್ಟುವುದಿಲ್ಲ. ಆದರೆ ನಿಜವಾದ ಚಗಳಿ ಎದುರು ಬಂದರೆ ಜೇಡವೇ ದಾರಿ ಬಿಡುತ್ತದೆ. ಗುರುತಿಸಬೇಕೆಂದರೆ ಹತ್ತಿರದಲ್ಲಿ ಬೆರಳು ಆಡಿಸಿ ನೋಡಿ. ಇರುವೆ ಕಚ್ಚಲು ಬರುತ್ತದೆ, ಜೇಡ ನೂಲು ಬಿಟ್ಟು ಕೆಳಗೆ ಜಾರುತ್ತದೆ.