ಪದ ಪರಿಚಯ: ಎಕ್ಸ್ ಓಪೆರೆ ಓಪೆರಾತೋ

ಬೀದರಿನಲ್ಲಿ ಹೋದ ತಿಂಗಳು ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ನಮ್ಮ ಚಿಕ್ಕಮ್ಮ ನನ್ನನ್ನು ಪಕ್ಕಕ್ಕೆ ಕರೆದರು. "ತಮ್ಮಾ, ಮಗನ ಊರಾಗ ಮೊಮ್ಮಗಳಿಗೆ ಜ್ಞಾನಸ್ನಾನ ಕೊಟ್ಟ ಫಾದರ್ ಮ್ಯಾಲೆ ಕೇಸ್ ಆಗ್ಯದಂತ. ಆ ಜ್ಞಾನಸ್ನಾನ ನಡೀತದೇನು, ಮತ್ತೊಮ್ಮೆ ಮಾಡಿಸ್ಬೇಕೇನು?"

ಮಾಡಿಸಬೇಕಿಲ್ಲ. ಯಾಕೆ ಅನ್ನೋದಕ್ಕೆ ಕಥೋಲಿಕ ಸಭೆಯಲ್ಲಿ, ಅಂದರೆ ಕಥೋಲಿಕ ಚರ್ಚಿನಲ್ಲಿ, ಈ ಲ್ಯಾಟಿನ್ ಮಾತಿದೆ. ಪದಕ್ಕೆ ಪದ ಇಟ್ಟರೆ 'ಮಾಡಿದ ಕೆಲಸದಿಂದಲೇ' ಎಂದಾಗುತ್ತದೆ. ಜ್ಞಾನಸ್ನಾನ, ಪರಮಪ್ರಸಾದದಂಥ ಸಂಸ್ಕಾರಕ್ಕೆ ಬಲ ಬರುವುದು ಅದರೊಳಗೆ ಕೆಲಸ ಮಾಡುವ ಕ್ರಿಸ್ತನಿಂದ, ಕೊಡುವ ಗುರು ಎಷ್ಟು ಒಳ್ಳೆಯವರು ಅನ್ನೋದರಿಂದಲ್ಲ. ನೀರು, 'ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ' ಎಂಬ ಮಾತು, ಸಭೆ ಮಾಡುವುದನ್ನೇ ಮಾಡುವ ಉದ್ದೇಶ, ಇಷ್ಟಿದ್ದರೆ ಜ್ಞಾನಸ್ನಾನ ಆಯಿತು. ಅದನ್ನು ಎರಡನೇ ಸಲ ಕೊಡುವುದೇ ಇಲ್ಲ.

ಚಿಕ್ಕಮ್ಮನ ಪ್ರಶ್ನೆ ತುಂಬಾ ಹಳೆಯದು. 303ರಲ್ಲಿ ರೋಮ್ ಚಕ್ರವರ್ತಿ ಡಯೊಕ್ಲೀಷನ್ ಕ್ರೈಸ್ತರಿಗೆ ಹಿಂಸೆ ಕೊಡಲು ಶುರುಮಾಡಿದಾಗ ಉತ್ತರ ಆಫ್ರಿಕಾದ ಕೆಲವು ಗುರುಗಳು ಹೆದರಿ ಧರ್ಮಗ್ರಂಥಗಳನ್ನು ಅಧಿಕಾರಿಗಳ ಕೈಗೆ ಕೊಟ್ಟುಬಿಟ್ಟರು. ಗದ್ದಲ ತಣ್ಣಗಾದ ಮೇಲೆ ಡೊನಾಟಿಸ್ಟ್ ಪಂಗಡದವರು, ಅಂಥವರ ಕೈಯ ಸಂಸ್ಕಾರ ಲೆಕ್ಕಕ್ಕಿಲ್ಲ, ನಮ್ಮಲ್ಲಿ ಬಂದು ಮತ್ತೆ ಜ್ಞಾನಸ್ನಾನ ತಗೊಳ್ಳಿ ಎಂದು ಪಟ್ಟು ಹಿಡಿದರು. 314ರಲ್ಲಿ ಈಗಿನ ಫ್ರಾನ್ಸಿನ ಆರ್ಲ್ ಊರಿನಲ್ಲಿ ಸೇರಿದ ಬಿಷಪರು ಒಪ್ಪಲಿಲ್ಲ. ಆಮೇಲೆ ಉತ್ತರ ಆಫ್ರಿಕಾದ ಹಿಪ್ಪೋ ಊರಿನ ಬಿಷಪ್ ಸಂತ ಅಗಸ್ಟೀನ್ ಒಂದು ಹೋಲಿಕೆ ಕೊಟ್ಟರು: ಕಲ್ಲಿನ ಕಾಲುವೆಯಲ್ಲಿ ಏನೂ ಬೆಳೆಯುವುದಿಲ್ಲ, ಆದರೂ ಅದರಲ್ಲಿ ಹಾದ ನೀರಿನಿಂದ ತೋಟ ಫಲ ಕೊಡುತ್ತದೆ. ಬೀದರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ನೌಬಾದಿನಲ್ಲಿ ಬಹಮನಿ ಕಾಲದ ಸುರಂಗ ಬಾವಿ ಇದೆಯಲ್ಲ, ಕರೇಜ್. ಆ ಕೆಂಪು ಕಲ್ಲಿಗೇನು ಪುಣ್ಯ, ನೀರು ಮಾತ್ರ ಜನಕ್ಕೆ ಮುಟ್ಟಿತು.

1547ರಲ್ಲಿ ಕಥೋಲಿಕ ಬಿಷಪರ ಟ್ರೆಂಟ್ ಮಹಾಸಭೆ ಈ ಮಾತನ್ನು ಸಿದ್ಧಾಂತವಾಗಿ ಗಟ್ಟಿ ಮಾಡಿತು. ಹಾಗಂತ ಇದು ಮಂತ್ರ ಅಲ್ಲ. ತಗೊಳ್ಳುವವರ ಮನಸ್ಸೂ ಹದವಾಗಿರಬೇಕು. ಮಳೆ ಬಿದ್ದರೂ ಹೊಲ ಹರಗದೆ ಬಿಟ್ಟರೆ ತೊಗರಿ ಬರುತ್ತಾ?

ನನಗೆ ಸಿಟ್ಟು ಬರುವುದು ಇನ್ನೊಂದು ಬಳಕೆಗೆ. "ಪೂಜೆ ನಡೀಲಿಕ್ಕತ್ತದಲ್ಲ, ಫಾದರ್ ವಿಷಯ ಯಾಕ ಎತ್ತತೀರಿ" ಎಂದು ಹಿರಿಯರೇ ಬಾಯಿ ಮುಚ್ಚಿಸುತ್ತಾರೆ. ಈ ಪದ ಇರುವುದು ಚಿಕ್ಕಮ್ಮನಂಥವರ ನೆಮ್ಮದಿಗೆ, ತಪ್ಪು ಮಾಡಿದವರಿಗೆ ಕೊಡೆ ಹಿಡಿಯೋದಕ್ಕಲ್ಲ. ಪೋಪ್ ಫ್ರಾನ್ಸಿಸ್ 2019ರಲ್ಲಿ ತಂದ 'ವೋಸ್ ಎಸ್ತಿಸ್ ಲುಕ್ಸ್ ಮುಂದಿ' ಕಾನೂನಿನ ಪ್ರಕಾರ ಲೈಂಗಿಕ ದೌರ್ಜನ್ಯದ ವಿಷಯ ತಿಳಿದ ಗುರುಗಳು, ಸಿಸ್ಟರುಗಳು ಅದನ್ನು ಸಭೆಯ ಅಧಿಕಾರಿಗಳಿಗೆ ತಿಳಿಸಲೇಬೇಕು, ದೂರು ಕೊಡಲು ಪ್ರತಿ ಧರ್ಮಕ್ಷೇತ್ರದಲ್ಲೂ, ಅಂದರೆ ಒಬ್ಬೊಬ್ಬ ಬಿಷಪರ ಆಡಳಿತದ ಪ್ರದೇಶದಲ್ಲೂ, ಒಂದು ದಾರಿ ಇರಬೇಕು. ಮಗುವಿನ ವಿಷಯವಾದರೆ ಬಿಷಪರಿಗೆ ಹೇಳಿ ಸುಮ್ನೆ ಕೂರುವ ಹಾಗಿಲ್ಲ. 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೂ ತಿಳಿಸಬೇಕು.

"ಹಂಗಾದ್ರ ಅಲ್ಲಿಗೆ ಹೋದಾಗ ಅವರ ಕೈಲೇ ಪರಮಪ್ರಸಾದ ತಗೋಬೇಕೇನು?" ಎಂದರು ಚಿಕ್ಕಮ್ಮ. ಪೂಜೆಯಲ್ಲಿ ಕೊಡುವ ಆ ರೊಟ್ಟಿ ಅವರ ಕೈಲಿ ತಗೊಂಡರೂ ಕ್ರಿಸ್ತನ ಶರೀರವೇ. ಆದರೆ ಅವರ ಕೈಯಿಂದಲೇ ಆಗಬೇಕು ಅಂತ ಎಲ್ಲೂ ಇಲ್ಲ, ಭಾನುವಾರದ ಪೂಜೆಗೆ ಯಾವ ಕಥೋಲಿಕ ಚರ್ಚಿಗೆ ಹೋದರೂ ಆಯಿತು. ಬೀದರಿನಲ್ಲಾದರೆ ಮೆಥೋಡಿಸ್ಟರೇ ಜಾಸ್ತಿ, ನಾವು ಸ್ವಲ್ಪ ಜನ, ಹುಡುಕೋದು ಕಷ್ಟ. ಅಲ್ಲಿ ದೊಡ್ಡ ಊರು.

"ಮಗನಿಗೆ ಫೋನ್ ಹಚ್ಚಿ ಹೇಳ್ತೀನಿ," ಎಂದರು, "ಬ್ಯಾರೆ ಚರ್ಚ್ ನೋಡು ಅಂತ."